ತೂತಿನ ಕಾಸು

ನಮ್ಮೂರಿನ ಶಾಲೆಯ ಖಾಲಿ ಕೊಠಡಿಯಲ್ಲಿ ಹಳೆಯ ಸಾಮಾನುಗಳನ್ನೆಲ್ಲ ಸೇರಿಸಿಡೋಣವೆಂದು ನಾಲ್ಕು ಜನ ಮಾತಾಡಿಕೊಂಡೆವು. ನಲವತ್ತು ಮನೆಯ ಊರಿಗೆ ಯಾವ ಇತಿಹಾಸ ಎಂದು ನಕ್ಕವರೂ ಇದ್ದರು. ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸು ನಮ್ಮ ಕೈಮರದಲ್ಲಿ ನಿಲ್ಲುವುದೇ ದೊಡ್ಡ ಇತಿಹಾಸ ಎಂಬುದು ಅವರ ವಾದ.

ಚಿಕ್ಕಜ್ಜ ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಅವರ ಪದಕಕ್ಕಾಗಿ ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ತಡಕಿದೆವು. ಕೊನೆಗೆ ಸಿಕ್ಕಿದ್ದು ಕೊಟ್ಟಿಗೆಯ ಬೀಗದ ಕೈಗೊಂಚಲಿನಲ್ಲಿ! ಆರು ಮೂಲೆಯ ಬರ್ಮಾ ಸ್ಟಾರ್. ರಿಬ್ಬನ್ ಎಂದೋ ಕಳಚಿಹೋಗಿ ಸಣಬಿನ ದಾರ ಬಂದಿತ್ತು. ನನಗೆ ಸಿಟ್ಟೇ ಬಂತು. ಆದರೆ ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟಿದ್ದ ಅವರ ಕಾಗದಗಳನ್ನು ಬಿಚ್ಚಿದಾಗ ಗೆದ್ದಲು ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ದಿನಕ್ಕೆರಡು ಸಲ ಕೊಟ್ಟಿಗೆಯ ಬಾಗಿಲು ತೆಗೆದ ಪದಕ ಮಾತ್ರ ಮಿರುಗುತ್ತಿತ್ತು.

ಕಲ್ಲಿಗಾದರೆ ಗೆದ್ದಲಿನ ಭಯವಿಲ್ಲ. ಇಲ್ಲೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವೂ ಒಂದು ರೀತಿಯಲ್ಲಿ ಯುದ್ಧದ ನೆನಪಿನ ವಸ್ತುವೇ. ಕ್ರಿ.ಶ. 450ರ ಸುಮಾರಿನ ಆ ಹದಿನಾರು ಸಾಲಿನ ಕಲ್ಲು, ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಕೊಟ್ಟುದನ್ನು ಹೇಳುತ್ತದೆ. ಅದನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲಕಲ್ಲು ಮೈಸೂರು ಸೇರಿತು, ಊರಿಗೆ ಪ್ರತಿಕೃತಿ ಉಳಿಯಿತು.

ನಮ್ಮ ಕೊಠಡಿಗೆ ಕತ್ತಿ, ಗುರಾಣಿ ಯಾವುದೂ ಬರಲಿಲ್ಲ. ತಂತಿಗೆ ಚುಚ್ಚಿದ ಕಾಫಿ ಪೂಲಿನ ಹಳೆಯ ಚೀಟಿಗಳು ಬಂದವು. ಮೊದಮೊದಲು ಅವನ್ನು ಬದಿಗಿಟ್ಟಿದ್ದೆ. ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡು ಅಲ್ಲಿನ ಮಾರುಕಟ್ಟೆ ಕೈತಪ್ಪಿದ್ದರಿಂದ 1940ರಲ್ಲಿ ಸರ್ಕಾರ ಬೆಳೆಗಾರರ ಕಾಫಿಯನ್ನೆಲ್ಲ ಒಂದೆಡೆ ಸೇರಿಸಿ ಮಾರುವ ಏರ್ಪಾಡು ಮಾಡಿತಲ್ಲ, ಆ ಪೂಲು. ಯುದ್ಧ ಮುಗಿದರೂ ಪೂಲು ಮುಗಿಯಲಿಲ್ಲ. ಮತ್ತೆ ಅರ್ಧ ಶತಮಾನ ಎಳೆಯಿತು. ಹಣ ಕಂತುಕಂತಾಗಿ ಬರುತ್ತಿತ್ತು. ಹೆಣ್ಣುಮಕ್ಕಳ ಮದುವೆಯ ತಾರೀಕು ಕೂಡ ಮುಂದಿನ ಕಂತು ನೋಡಿಕೊಂಡೇ ಗೊತ್ತಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಹಿಟ್ಲರನಿಗೆ ನಮ್ಮೂರು ಗೊತ್ತಿರಲಿಲ್ಲ, ನಿಜ. ಚೀಟಿಗಳು ಈಗ ಪದಕದ ಪಕ್ಕದಲ್ಲಿವೆ.

ಪದಕವನ್ನೇನೋ ಕೊಟ್ಟರು, ಕೊಟ್ಟಿಗೆಯ ಬೀಗಕ್ಕೆ ಬೇರೆ ಗೊಂಚಲು ಮಾಡಿಕೊಂಡರು. ಎಡವಟ್ಟಾದದ್ದು ದೊಡ್ಡಮ್ಮನ ಮನೆಯಲ್ಲಿ. ಅವರ ಕಾಫಿಪುಡಿ ಮಾಡುವ ಕೈಯಂತ್ರದ ಹಿಡಿಕೆಯ ಬುಡದಲ್ಲಿ ಉಂಗುರದಂಥದ್ದೊಂದು ಕಂಡಿತು. ಒರೆಸಿ ನೋಡಿದರೆ 1944ರ ತೂತಿನ ಕಾಸು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತಿಟ್ಟು ಟಂಕಿಸಿದ, ರೂಪಾಯಿಗೆ 64ರ ಲೆಕ್ಕದ ಪೈಸೆ. ಮಕ್ಕಳು ಉಡಿದಾರಕ್ಕೆ ಪೋಣಿಸಿಕೊಳ್ಳುತ್ತಿದ್ದ ಕಾಸು ಇಲ್ಲಿ ವಾಷರ್ ಆಗಿ ಕೆಲಸಕ್ಕೆ ಸೇರಿತ್ತು.

"ದೊಡ್ಡಮ್ಮ, ಇದನ್ನು ಶಾಲೆಗೆ ಕೊಡಿ" ಎಂದೆ.

"ಕೊಟ್ಟರೆ ಹಿಡಿಕೆ ಅಲುಗುತ್ತದಲ್ಲ, ನಾಳೆ ಬೆಳಿಗ್ಗೆ ಕಾಫಿಗೆ ನಿನ್ನ ಇತಿಹಾಸವನ್ನು ಬೀಸಲೇನು?"

ಬೇಲೂರಿನಿಂದ ಮೂರು ವಾಷರ್ ತಂದೆ. ಒಂದು ಸಡಿಲ, ಒಂದು ಬಿಗಿ, ಮೂರನೆಯದು ಒಂದು ಸುತ್ತಿಗೇ ಕೀರಲತೊಡಗಿತು. ದೊಡ್ಡಮ್ಮ ಏನೂ ಹೇಳದೆ ಕಾಸನ್ನೇ ಮತ್ತೆ ಕೂರಿಸಿ, ಬೀಜ ಸುರಿದು, ಹಿಡಿಕೆಯನ್ನು ನನ್ನ ಕೈಗೆ ಕೊಟ್ಟರು. ಶಾಲೆಯ ಕೊಠಡಿಯಲ್ಲಿ ಈಗ ಕಾಸಿನ ಫೋಟೊ ಇದೆ. ಹಲ್ಮಿಡಿಯಂತಲ್ಲದೆ ನಮ್ಮಲ್ಲಿ ಮೂಲವೇ ಊರಿನಲ್ಲಿದೆ, ನೋಡಬೇಕೆಂದವರು ಕಾಫಿಯ ಹೊತ್ತಿಗೆ ಹೋದರೆ ಸಾಕು.