ಸ್ಪಷ್ಟನೆ: ಶೂ ಹರಿದ ಮೇಲೂ ಜಯಾನ್ ವಿಲಿಯಮ್ಸನ್ ಡ್ಯೂಕ್ ಪರ ಆಡಿದ್ರು

ಆಗ ಅಮೆರಿಕದ ಡ್ಯೂಕ್ ಯೂನಿವರ್ಸಿಟಿ ಪರ ಬಾಸ್ಕೆಟ್‌ಬಾಲ್ ಆಡ್ತಿದ್ದ ಜಯಾನ್ ವಿಲಿಯಮ್ಸನ್ ಶೂ ಹರಿದು ಬಿದ್ದ ವಿಡಿಯೋ ಜೊತೆ "ಅವತ್ತೇ ಕಾಲೇಜು ಬಿಟ್ಟು ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ದುಡ್ಡಿನ ಹಿಂದೆ ಹೋದ, ಮತ್ತೆ ಡ್ಯೂಕ್ ಜರ್ಸಿ ಹಾಕ್ಲೇ ಇಲ್ಲ" ಅಂತ ಒಂದು ಮೆಸೇಜ್ ಓಡಾಡ್ತಿದೆ. ತಪ್ಪು ಅದು.

ಶೂ ಹರಿದಿದ್ದು 2019ರ ಫೆಬ್ರವರಿ 20ಕ್ಕೆ, ನಾರ್ತ್ ಕ್ಯಾರೊಲೈನಾ ವಿರುದ್ಧ, ಆಟ ಶುರುವಾಗಿ ಒಂದು ನಿಮಿಷನೂ ಆಗಿರ್ಲಿಲ್ಲ. ಮಂಡಿ ನೋವಿಂದ ಕೆಲವು ಮ್ಯಾಚ್ ತಪ್ಪಿದ್ದು ನಿಜ, "ಇನ್ನು ಆಡ್ಬೇಡಪ್ಪ, ಡ್ರಾಫ್ಟ್ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) ಹಾಳಾಗುತ್ತೆ" ಅಂತ ಎಷ್ಟೋ ಜನ ಬುದ್ಧಿ ಹೇಳಿದ್ದೂ ನಿಜ, ಆದ್ರೆ ಅವ್ರು ಕೇಳ್ದೆ ಮಾರ್ಚ್‌ನಲ್ಲಿ ಎಸಿಸಿ (ಡ್ಯೂಕ್ ಇರೋ ಕಾಲೇಜು ತಂಡಗಳ ಗುಂಪು) ಟೂರ್ನಿಗೆ ವಾಪಸ್ ಬಂದು ಸಿರಾಕ್ಯೂಸ್ ಮೇಲೆ 29 ಪಾಯಿಂಟ್ ಹೊಡೆದ್ರು, ಫೀಲ್ಡ್ ಗೋಲ್ (ಆಟದ ನಡುವೆ ಬುಟ್ಟಿಗೆ ಎಸೆಯೋ ಶಾಟ್) 13ಕ್ಕೆ 13. ಆ ಟೂರ್ನಿ ಡ್ಯೂಕೇ ಗೆದ್ದಿದ್ದು. ಎನ್‌ಸಿಎಎ, ಅಂದ್ರೆ ರಾಷ್ಟ್ರಮಟ್ಟದ ಕಾಲೇಜು ಟೂರ್ನಿಯಲ್ಲಿ ಮಿಶಿಗನ್ ಸ್ಟೇಟ್‌ಗೆ 68-67ರಲ್ಲಿ ಸೋತಾದ್ಮೇಲೆ, ಏಪ್ರಿಲ್ 15ಕ್ಕೆ ಡ್ರಾಫ್ಟ್‌ಗೆ ಹೋಗ್ತೀನಿ ಅಂತ ಅವ್ರೇ ವಿಡಿಯೋ ಹಾಕಿದ್ರು. ಆ ಮ್ಯಾಚ್‌ಗಳ ಸ್ಕೋರ್‌ಕಾರ್ಡೂ ಈಗ್ಲೂ ಸಿಗುತ್ತೆ, ಯಾರು ಬೇಕಾದ್ರೂ ನೋಡ್ಬಹುದು.

ಒಂದೇ ವರ್ಷಕ್ಕೆ ಹೋದ್ರಲ್ಲಾ ಅನ್ನೋ ಫ್ಯಾನ್ಸ್ ಬೇಜಾರು ಅರ್ಥ ಆಗುತ್ತೆ, ಆದ್ರೆ ಟೀಮ್‌ನ ಅರ್ಧಕ್ಕೆ ಕೈಬಿಟ್ರು ಅನ್ನೋದು ಸುಳ್ಳು. ಆ ಮೆಸೇಜ್ ಬಂದ್ರೆ ದಯವಿಟ್ಟು ಮುಂದೆ ಕಳಿಸ್ಬೇಡಿ.