ಓಡುವಾಗ ಕಿವಿ ನೋವು: ಹರಿದಾಡುತ್ತಿರುವ ಮೆಸೇಜ್ ಸರಿಯಿಲ್ಲ

"ಓಡುವಾಗ ಕಿವಿ ನೋವು ಬಂದರೆ ಮೆದುಳಿನ ನರ ಒಡೆಯುವ ಸೂಚನೆ. ತಕ್ಷಣ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಿವಿಗೆ ಬಿಡಿ" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಕಾರಣ ಸಾಮಾನ್ಯವಾಗಿ ಸಣ್ಣದೇ ಇರುತ್ತದೆ. ಬೆಳಗಿನ ತಣ್ಣನೆ ಗಾಳಿ ಬಡಿದರೆ ಕಿವಿ ನೋಯುತ್ತದೆ, ಮುಚ್ಚುವ ಟೋಪಿ ಸಾಕು. ನೆಗಡಿಯಿದ್ದರೆ ಮೂಗಿನ ಹಿಂಭಾಗದಿಂದ ನಡುಕಿವಿಗೆ ಹೋಗುವ ನಾಳ ಕಟ್ಟಿಕೊಂಡು ಒತ್ತಡ ಏರುಪೇರಾಗುತ್ತದೆ. ಭಾರ ಎತ್ತುವಾಗ ಹಲ್ಲು ಕಚ್ಚಿ ಹಿಡಿಯುತ್ತೇವೆ ಅಲ್ವಾ? ದವಡೆಯ ಕೀಲು ಇರುವುದು ಕಿವಿಯ ಮುಂದೆಯೇ. ಅಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಕೀಲು ಜರುಗುವುದು ಗೊತ್ತಾಗುತ್ತದೆ. ಅದರ ನೋವು ಕಿವಿಯದ್ದೇ ಅನಿಸುತ್ತದೆ. ಬಿಗಿಯಾದ ಇಯರ್‌ಬಡ್ ಬಗ್ಗೆ ಹೇಳುವುದೇ ಬೇಡ.

ಎಣ್ಣೆ ಮಾತ್ರ ಬಿಡಬೇಡಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಅದು ಒಳಗಿಳಿದು ಸೋಂಕಾಗಬಹುದು. ಬಿಸಿ ಜಾಸ್ತಿಯಾದರೆ ಸುಡುತ್ತದೆ. ತೂತು ಹೊರಗಿಂದ ನಮಗೆ ಕಾಣುವುದೂ ಇಲ್ಲ.

ಹಾಗಂತ ಸುಮ್ನೆ ಬಿಡುವಂತಿಲ್ಲದ ಸಂದರ್ಭವೂ ಒಂದಿದೆ. ಹೃದಯಕ್ಕೆ ಹೋಗುವ ವೇಗಸ್ ನರದ ಕವಲೊಂದು ಕಿವಿಗೂ ಬರುತ್ತದೆ. ಹಾಗಾಗಿ ಹೃದಯಕ್ಕೆ ರಕ್ತ ಸಾಲದಾದಾಗ ನೋವು ದವಡೆಯಲ್ಲಿ, ಅಪರೂಪಕ್ಕೆ ಕಿವಿಯಲ್ಲಿ ಕಾಣಿಸಬಹುದು. ಪ್ರತಿ ಸಲ ಶ್ರಮಪಟ್ಟಾಗ ಬಂದು, ನಿಂತರೆ ಹೋಗುವ ನೋವಾದರೆ ವ್ಯಾಯಾಮ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಜೊತೆಗೆ ಎದೆ ಬಿಗಿತ, ತಣ್ಣನೆ ಬೆವರು, ಏದುಸಿರು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.