ಸತ್ಯಾಂಶ: ಲೋಸಾನ್ ಒಪ್ಪಂದಕ್ಕೆ 100 ವರ್ಷದ ಗಡುವು ಇತ್ತಾ?

"1923ರ ಲೋಸಾನ್ ಒಪ್ಪಂದ 100 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಟರ್ಕಿ ತನ್ನ ಎಣ್ಣೆ ತೆಗೆಯಬಹುದು, ಆಟೋಮನ್ ಸಾಮ್ರಾಜ್ಯ ಮರಳುತ್ತದೆ" ಎಂಬ ಫಾರ್ವರ್ಡ್ ನೋಡಿರುತ್ತೀರಿ. (ಲೋಸಾನ್ ಎಂದರೆ ಮೊದಲ ಮಹಾಯುದ್ಧದ ನಂತರ ಟರ್ಕಿ ಮಾಡಿಕೊಂಡ ಶಾಂತಿ ಒಪ್ಪಂದ; ಆಟೋಮನ್ ಎಂದರೆ ಅದಕ್ಕೂ ಮೊದಲಿದ್ದ ಟರ್ಕಿ ಸುಲ್ತಾನರ ಸಾಮ್ರಾಜ್ಯ.) 2023 ಬಂದು ಹೋಯಿತು, ಏನೂ ಆಗಲಿಲ್ಲ ಅಲ್ವಾ?

ಒಪ್ಪಂದದಲ್ಲಿ 143 ವಿಧಿಗಳಿವೆ. ಅದು ಇಂಥ ದಿನ ಮುಗಿಯುತ್ತದೆ ಎಂದು ಎಲ್ಲೂ ಬರೆದಿಲ್ಲ. ಎಣ್ಣೆಯ ಕಥೆಯಂತೂ ಸುಮ್ನೆ ಕಟ್ಟಿದ್ದು. ಟರ್ಕಿಯ ರಾಮಾನ್ ಬೆಟ್ಟದಲ್ಲಿ 1940ರಲ್ಲೇ ಎಣ್ಣೆ ಸಿಕ್ಕಿತ್ತು. ಪಕ್ಕದ ಬಾತ್ಮಾನ್‌ನಲ್ಲಿ 1955ರಿಂದ ಅದನ್ನು ಶುದ್ಧೀಕರಿಸುವ ಕಾರ್ಖಾನೆಯೂ ಇದೆ.

ಸಾಮ್ರಾಜ್ಯವನ್ನು ಒಡೆದದ್ದೂ ಲೋಸಾನ್ ಅಲ್ಲ. ಗ್ರೀಸ್ 1830ರಲ್ಲೇ ಅದರ ಕೈತಪ್ಪಿತ್ತು. 1912–13ರ ಬಾಲ್ಕನ್ ಯುದ್ಧಗಳಲ್ಲಿ ಯುರೋಪಿನ ನೆಲ ಬಹುತೇಕ ಹೋಯಿತು, ಮೊದಲ ಮಹಾಯುದ್ಧದಲ್ಲಿ ಅರಬ್ ನಾಡುಗಳು. ಉಳಿದಿದ್ದ ಸುಲ್ತಾನರ ಆಳ್ವಿಕೆಯನ್ನು ರದ್ದು ಮಾಡಿದ್ದು ಹೊರಗಿನವರಲ್ಲ, ಅಂಕಾರಾದಲ್ಲಿದ್ದ ಟರ್ಕಿಯದೇ ಸಂಸತ್ತು. ಅದೂ 1922ರ ನವೆಂಬರ್ 1ರಂದು, ಲೋಸಾನ್ ಸಹಿಗೆ ಎಂಟು ತಿಂಗಳು ಮೊದಲೇ.